ಚಕಮಕಿ ಕಲ್ಲು ಮುಷ್ಟಿ ಬಿಗಿದದ್ದು

ಆಗ ಲೋಕಕ್ಕೆ ಇನ್ನೂ ಹಸಿ ವಾಸನೆಯಿತ್ತು. ಎಲ್ಲಿ ಕೂರಬೇಕೆಂದು ಬೆಟ್ಟಗಳು ಗೊತ್ತುಮಾಡಿಕೊಂಡಿರಲಿಲ್ಲ. ಹೊಳೆಗಳು ಸಿಕ್ಕಸಿಕ್ಕವರ ಬಳಿ ದಾರಿ ಕೇಳಿಕೊಂಡು ಹರಿಯುತ್ತಿದ್ದವು. ಈಗ ಭೀಮಾ ಹೊಳೆ ಹರಿಯುವ ಸೀಮೆಯಲ್ಲಿ ಮೊದಲು ಒಂದು ಕಡಲಿತ್ತು. ಆ ಕಡಲು ಆಗಷ್ಟೇ ಎದ್ದು ಬೇರೆ ಕಡೆ ಹೋಗಿತ್ತು.

ಹೋಗುವಾಗ ಅದು ತನ್ನ ಹಾಸಿಗೆಯನ್ನು ಮಡಿಸಲಿಲ್ಲ, ಹಾಗೇ ಬಿಟ್ಟುಹೋಯಿತು. ಬೆಳ್ಳನೆಯ ಕೆಸರಿನ ಹಾಸಿಗೆ. ಅದು ಬಿಸಿಲಿಗೆ ಒಣಗಿ, ಪದರದ ಮೇಲೆ ಪದರವಾಗಿ ಗಟ್ಟಿಯಾಗಿ, ಸುಣ್ಣದ ಕಲ್ಲಾಯಿತು. ಆದರೆ ಆ ಪದರಗಳ ನಡುವೆ ಅಲ್ಲಲ್ಲಿ ಏನೋ ಒಂದು ಒಣಗದೇ ಉಳಿಯಿತು. ಬೂದಿ ಬಣ್ಣದ್ದು, ತಣ್ಣಗಾದ ಅಂಬಲಿಯ ಹಾಗೆ ಮೆತ್ತಗಿನದು. ಬೆರಳಿಟ್ಟರೆ ಒಳಗೆ ಹೋಗುತ್ತಿತ್ತು. ಅದಕ್ಕೆ ಯಾರೂ ಹೆಸರಿಟ್ಟಿರಲಿಲ್ಲ. ಯಾವ ಕೆಲಸಕ್ಕೂ ಬಾರದ್ದಕ್ಕೆ ಹೆಸರು ಯಾಕೆ?

ಸುಣ್ಣದ ಕಲ್ಲಿನ ಒಂದು ಗವಿಯಲ್ಲಿ ಹನ್ನೊಂದು ಜನ ವಾಸವಾಗಿದ್ದರು. ಅವರಿಗೆಲ್ಲ ಹಿರಿಯ ಜಟ್ಟೆಪ್ಪ. ಅವನ ತಂಗಿ ಮಾಳವ್ವ ಬೆಂಕಿ ಕಾಯುವವಳು.

ಆಗ ಬೆಂಕಿ ಮಾಡುವುದು ಯಾರಿಗೂ ಗೊತ್ತಿರಲಿಲ್ಲ, ಕಾಯುವುದು ಮಾತ್ರ ಗೊತ್ತಿತ್ತು. ಮಾಳವ್ವನ ಅಜ್ಜಿ ಚಿಕ್ಕವಳಿದ್ದಾಗ ಒಂದು ಮರಕ್ಕೆ ಸಿಡಿಲು ಬಡಿದಿತ್ತಂತೆ. ಆ ಬೆಂಕಿಯೇ ಕೆಂಡದಿಂದ ಕೆಂಡಕ್ಕೆ, ತಾಯಿಯಿಂದ ಮಗಳಿಗೆ ಬಂದಿತ್ತು. ಬೇಟೆಗೆ ಹೊರಟವರು ಗವಿಯ ಬಾಯಲ್ಲಿ ನಿಂತು ಕೇಳುತ್ತಿದ್ದರು, "ಮಾಳವ್ವ, ಬೆಂಕಿ ಅದ?"

"ಅದ," ಅನ್ನುತ್ತಿದ್ದಳು ಮಾಳವ್ವ. ಅವರು ನಿಶ್ಚಿಂತೆಯಿಂದ ಹೋಗುತ್ತಿದ್ದರು.

ಗೆಡ್ಡೆ ಅಗೆದು ಬಂದವರು ಬುಟ್ಟಿ ಇಳಿಸುವ ಮೊದಲು ಕೇಳುತ್ತಿದ್ದರು, "ಮಾಳವ್ವ, ಬೆಂಕಿ ಅದ?"

"ಅದ," ಅನ್ನುತ್ತಿದ್ದಳು ಮಾಳವ್ವ. ಅವರು ಕಾಲು ಚಾಚಿ ಕೂರುತ್ತಿದ್ದರು.

ಒಂದು ಮಳೆಗಾಲದ ಶುರುವಿನಲ್ಲಿ ಮಾಳವ್ವನ ಮಗಳು ನಿಂಬೆವ್ವ ಹೆತ್ತಳು. ದಿನ ತುಂಬುವ ಮೊದಲೇ ಬಂದ ಹೆಣ್ಣುಕೂಸು. ಮಾಳವ್ವನ ಎರಡು ಅಂಗೈ ಜೋಡಿಸಿದರೆ ಅದಕ್ಕೆ ತೊಟ್ಟಿಲಾಗುತ್ತಿತ್ತು. ಎಕ್ಕೆಯ ಕಾಯಿ ಬಿರಿದಾಗ ಸಿಗುವ ಬಿಳಿ ಅರಳೆಯಲ್ಲಿ ಅದನ್ನು ಸುತ್ತಿ, ಬೆಂಕಿಯ ಪಕ್ಕದಲ್ಲೇ ಮಲಗಿಸಿದರು. ಬೆಂಕಿಯಿಂದ ಒಂದು ಮಾರು ದೂರ ಸರಿಸಿದರೂ ಕೂಸಿನ ತುಟಿ ನೀಲಿಗಟ್ಟುತ್ತಿತ್ತು.

ಎರಡನೆಯ ದಿನ ಮಳೆ ಬಂತು.

ಆಗಿನ ಮಳೆ ಈಗಿನ ಮಳೆಯ ಹಾಗಲ್ಲ. ಆಕಾಶ ಹೊಸದು, ಇನ್ನೂ ಮಾಗಿರಲಿಲ್ಲ. ಕಾಯಿ ಮಾವಿನ ಹಾಗೆ ಅದರ ನೀರಿಗೂ ಹುಳಿ ಇತ್ತು. ನಾಲಗೆ ಮೇಲೆ ಬಿದ್ದರೆ ಮುಖ ಹಿಂಡುತ್ತಿತ್ತು. ಆ ಹುಳಿಮಳೆ ಸುಣ್ಣದ ಕಲ್ಲಿನ ಮೇಲೆ ಬಿದ್ದದ್ದೇ ತಡ, ಬುಸುಬುಸು ನೊರೆ ಎದ್ದಿತು. ಬಿಳಿ ನೀರು ಗೋಡೆಗುಂಟ ಇಳಿಯತೊಡಗಿತು.

"ಮಾಳವ್ವ," ಎಂದಿತು ಗವಿಯ ಸುಣ್ಣದ ಕಲ್ಲು. "ನಾ ಕರಗಲಿಕತ್ತೀನಿ."

"ಇನ್ನ ಎಷ್ಟ್ ಹೊತ್ತು ತಡೀತಿ?"

"ಇಷ್ಟೇ ಹೊತ್ತು ಅಂತ ಹ್ಯಾಂಗ ಹೇಳಲಿ? ಹುಳಿ ನನ್ನ ಎಲುಬಿಗೆ ಇಳದದ."

ಛಾವಣಿಯಿಂದ ಹನಿ ಬಿತ್ತು. ಮಾಳವ್ವ ಬೆಂಕಿಯನ್ನು ಮೂಲೆಗೆ ಸರಿಸಿದಳು. ಮೂಲೆಯಲ್ಲೂ ಹನಿ ಬಿತ್ತು. ಇನ್ನೊಂದು ಮೂಲೆಗೆ ಸರಿಸಿದಳು. ಅಲ್ಲಿಗೂ ಬಂತು. ಒಂದೊಂದು ಹನಿಗೆ ಒಂದೊಂದು ಕೆಂಡ ಚುಂಯ್ ಎಂದು ಕಪ್ಪಾಯಿತು. ಅವಳು ಬಗ್ಗಿ ತನ್ನ ಬೆನ್ನನ್ನೇ ಮಾಡು ಮಾಡಿ ಕೂತಳು. ಬೆನ್ನ ಮೇಲಿಂದ ಇಳಿದ ನೀರು ಮೊಣಕೈಯಿಂದ ತೊಟ್ಟಿಕ್ಕಿತು. ಕೊನೆಗೆ ಉಳಿದದ್ದು ಒಂದೇ ಕೆಂಡ, ನೆಲ್ಲಿಕಾಯಿಯಷ್ಟು.

ಜಟ್ಟೆಪ್ಪ ಒಳಗೆ ಬಂದ. ಮೈಯೆಲ್ಲ ಸುಣ್ಣದ ನೀರು.

"ಏಳು ಮಾಳವ್ವ. ಗವಿ ಬಾಯಿ ಸೀಳ್ಯದ. ಎಲ್ಲಾರೂ ಕರಿಬಂಡಿ ಕೆಳಗ ಹೋಗೋಣು."

ಕರಿಬಂಡೆ ಎದುರಿಗೇ ಇತ್ತು, ಹತ್ತು ಕೂಗಳತೆಯೂ ಅಲ್ಲ, ಒಂದೇ ಕೂಗಳತೆ. ಅದು ಹುಳಿಗೆ ಕರಗದ ಬಂಡೆ. ಅದರ ಚಾಚಿನ ಕೆಳಗೆ ಹನ್ನೆರಡು ಜೀವ ಹಿಡಿಯುತ್ತಿತ್ತು.

"ಬೆಂಕಿ ಹ್ಯಾಂಗ ಒಯ್ಯೋದು ಅಣ್ಣಾ? ಹೊರಗ ಕಾಲಿಟ್ರ ಆರ್ತದ."

"ಜೀವ ಉಳಿದ್ರ ಸಿಡ್ಲು ಇನ್ನೊಂದು ಮರಕ್ಕ ಬಡೀತದ."

"ಅಲ್ಲೀತನಕ ಕೂಸು?"

ಜಟ್ಟೆಪ್ಪ ನಿಂಬೆವ್ವನನ್ನೂ ಕೂಸನ್ನೂ ತೊಗಲಿನಲ್ಲಿ ಮುಚ್ಚಿ ಹೊರಗೆ ಕರೆದುಕೊಂಡು ಹೋದ. ಉಳಿದವರೂ ಅವನ ಹಿಂದೆ ಓಡಿದರು. ಗವಿಯಲ್ಲಿ ಮಾಳವ್ವ ಒಬ್ಬಳೇ ಉಳಿದಳು. ತಲೆಯ ಮೇಲೆ ಕಲ್ಲು ಕಟಕಟ ಎನ್ನುತ್ತಿತ್ತು.

ಆಗ ಗೋಡೆಯಿಂದ ಒಂದು ದನಿ ಬಂತು. ಸಣ್ಣ ದನಿ. ಒಂದಲ್ಲ, ಸಾವಿರ ಸಣ್ಣ ದನಿಗಳು ಒಟ್ಟಿಗೆ ಪಿಸುಗುಟ್ಟಿದ ಹಾಗೆ.

"ಅದನ್ನ ನಮ್ಮ ಕೈಯಾಗ ಕೊಡು."

ಮಾಳವ್ವ ತಿರುಗಿ ನೋಡಿದಳು. ಬಿಳಿ ಪದರಗಳ ನಡುವೆ ಸಾಲಾಗಿ ಕೂತಿದ್ದ ಆ ಬೂದಿ ಬಣ್ಣದ ಮೆತ್ತನೆಯದು ಮಾತಾಡುತ್ತಿತ್ತು.

"ಯಾರು ನೀವು?"

"ಕಡಲಾಗ ಇದ್ದವರು. ಕಣ್ಣಿಗೆ ಕಾಣದಷ್ಟು ಸಣ್ಣ ಜೀವ. ಗಾಜಿನಂಥ ಅಂಗಿ ತೊಟ್ಟು ಬಿಸಿಲಾಗ ತೇಲತಿದ್ವಿ. ನಮ್ಮ ಕಾಲ ಮುಗಿದ ಮ್ಯಾಲೆ ತಳಕ್ಕ ಬಿದ್ವಿ. ಒಬ್ಬರ ಮ್ಯಾಲೆ ಒಬ್ಬರು ಬಿದ್ದು, ಯಾರು ಯಾರಂತ ತಿಳೀದಂಗ ಒಂದಾಗೀವಿ. ಹುಳಿ ನಮಗ ಏನೂ ಮಾಡಂಗಿಲ್ಲ."

"ಇಷ್ಟು ಮೆತ್ತಗಿದ್ದೀರಿ. ಕೆಂಡ ಹಿಡಿದ್ರ ಸುಡ್ತದ."

"ಸುಡ್ತದ," ಎಂದಿತು ಅದು. "ಕೊಡು."

ಛಾವಣಿಯಿಂದ ಬುಟ್ಟಿಗಾತ್ರದ ಕಲ್ಲು ಅವಳ ಪಕ್ಕದಲ್ಲೇ ಬಿತ್ತು. ಯೋಚನೆ ಮಾಡಲು ಹೊತ್ತಿರಲಿಲ್ಲ. ಮಾಳವ್ವ ಎರಡು ಕಡ್ಡಿಗಳಿಂದ ಕೆಂಡ ಹಿಡಿದು ಆ ಮೆತ್ತನೆಯದರೊಳಗೆ ಒತ್ತಿದಳು. ಚುರ್ರ್ ಎಂದಿತು. ಸಾವಿರ ದನಿಗಳು ಒಮ್ಮೆಲೇ ಉಸಿರೆಳೆದುಕೊಂಡ ಹಾಗೆ ಕೇಳಿತು. ನೋವಾದಾಗ ಕೈ ಹೇಗೆ ಮುಚ್ಚುತ್ತದೋ ಹಾಗೆ ಅದು ಕೆಂಡದ ಮೇಲೆ ಮುಚ್ಚಿಕೊಂಡಿತು. ಸುಟ್ಟ ವಾಸನೆ ಬಂತು. ಆಮೇಲೆ ಸದ್ದಿಲ್ಲ.

ಗವಿಯ ಬಾಯಿಂದ ಅದನ್ನು ಕಂಡ ಜಟ್ಟೆಪ್ಪ ಮತ್ತೆ ಒಳಗೆ ನುಗ್ಗಿ ಅವಳ ರಟ್ಟೆ ಹಿಡಿದು ಎಳೆದ. ಇಬ್ಬರೂ ಹೊರಗೆ ಬಿದ್ದರು. ಅವರ ಹಿಂದೆ ಗವಿ ಕುಸಿಯಿತು.

ಮಧ್ಯಾಹ್ನದ ಹೊತ್ತಿಗೆ ಮಳೆ ನಿಂತಿತು. ಕರಿಬಂಡೆಯ ಕೆಳಗೆ ಎಲ್ಲರೂ ಒಬ್ಬರಿಗೊಬ್ಬರು ಅಂಟಿಕೊಂಡು ಕೂತಿದ್ದರು. ನಿಂಬೆವ್ವ ಕೂಸನ್ನು ಅರಳೆಯ ಸಮೇತ ಕಂಕುಳಲ್ಲಿ ಅವುಚಿಕೊಂಡಿದ್ದಳು. ಕೂಸು ಅಳುತ್ತಿರಲಿಲ್ಲ. ಅಳದಿರುವುದೇ ಅವಳಿಗೆ ಹೆದರಿಕೆ.

"ಯವ್ವಾ, ಬೆಂಕಿ ಅದ?" ಎಂದು ಕೇಳಿದಳು.

ಮಾಳವ್ವ ಮೊದಲ ಸಲ "ಅದ" ಅನ್ನದೆ ಕುಸಿದ ಗವಿಯ ಕಡೆ ನೋಡಿದಳು.

"ಎಲ್ಲದ ಬೆಂಕಿ?" ಎಂದ ಜಟ್ಟೆಪ್ಪ. "ನಮ್ಮೆಲ್ಲರ ಬೆಂಕಿನ ಗ್ವಾಡಿ ಕೆಸರಿಗೆ ಕೊಟ್ಟು ಬಂದಾಳ. ನಾ ಕಣ್ಣಾರೆ ಕಂಡೆ."

ಪಡುವಣದ ಕಡೆಯಿಂದ ಗಾಳಿ ಬಂತು. ಅದಕ್ಕೂ ಏದುಸಿರು. "ಮಾಳವ್ವ, ಸಂಜೀಗೆ ಮತ್ತ ಮಳೀ ತರ್ತೀನಿ," ಎಂದಿತು.

"ತರಬ್ಯಾಡ."

"ನಾ ತರೂದಲ್ಲ, ಮೋಡ ನನ್ನ ಬೆನ್ನ ಮ್ಯಾಲೆ ಕುಂತದ. ನಾ ಬರಾಕಬೇಕು. ಮೊದಲ ಹೇಳಿ ಹೋಗಾಕ ಬಂದೆ."

ಮಾಳವ್ವ ಎದ್ದಳು. ಕುಸಿದ ಗವಿಯ ಕಡೆ ನಡೆದಳು. ಯಾರೂ ಅವಳ ಹಿಂದೆ ಬರಲಿಲ್ಲ.

ಅಲ್ಲಿ ಕಲ್ಲಿನ ರಾಶಿಯೇ ರಾಶಿ. ಅವಳು ಮೆತ್ತಗಿನದನ್ನು ಹುಡುಕಿದಳು. ಕಲ್ಲುಗಳ ಸಂದಿಯಲ್ಲಿ ಕೈ ತೂರಿಸಿ ಅಂಬಲಿಯಂಥದ್ದು ಏನಾದರೂ ಬೆರಳಿಗೆ ಹತ್ತುತ್ತದೆಯೇ ಎಂದು ನೋಡಿದಳು. ಇಲ್ಲ. ಮುಟ್ಟಿದ್ದೆಲ್ಲ ಗಟ್ಟಿ. ಮಳೆ ಅದನ್ನು ಕೊಚ್ಚಿಕೊಂಡು ಹೋಗಿದ್ದರೆ?

"ಮೆತ್ತಗಿಂದು ಹುಡುಕಬ್ಯಾಡ," ಎಂದಿತು ಮುರಿದುಬಿದ್ದ ಸುಣ್ಣದ ಕಲ್ಲು. ಅದರ ದನಿ ಕ್ಷೀಣವಾಗಿತ್ತು. "ಕೆಂಡ ಹಿಡಿದ ಗಳಿಗಿಗೇ ಅವರು ಗಟ್ಟಿಯಾದ್ರು. ನನಗಿಂತ ಗಟ್ಟಿ. ನನ್ನ ಮಗ್ಗುಲಾಗೇ ಆಗಿದ್ದು, ನನಗ ಗೊತ್ತದ."

"ಹಂಗಾದ್ರ ಹ್ಯಾಂಗ ಗುರುತು ಹಿಡೀಲಿ?"

"ಮೊದಲ ನನ್ನ ಚೂರು ಬ್ಯಾರೆ ಮಾಡು. ಹುಳಿನೀರು ಹಾಕು. ನೊರಿ ಬಂದ್ರ ಅದು ನಾನು. ಒಗದುಬಿಡು."

ಒಂದು ತಗ್ಗಿನಲ್ಲಿ ಹುಳಿಮಳೆಯ ನೀರು ನಿಂತಿತ್ತು. ಮಾಳವ್ವ ಬೊಗಸೆಯಲ್ಲಿ ತಂದು ಒಂದು ಕಲ್ಲಿನ ಮೇಲೆ ಹಾಕಿದಳು. ಬುಸ್ ಎಂದು ನೊರೆ ಬಂತು. ಒಗೆದಳು. ಇನ್ನೊಂದಕ್ಕೆ ಹಾಕಿದಳು. ನೊರೆ ಬಂತು. ಒಗೆದಳು. ಮತ್ತೊಂದು. ಮತ್ತೊಂದು. ಪಡುವಣದ ಅಂಚು ಕಪ್ಪಾಗುತ್ತಿತ್ತು.

ನೊರೆ ಬಾರದ ಒಂದು ಕಪ್ಪು ಕಲ್ಲು ಸಿಕ್ಕಿತು. ಅವಳಿಗೆ ಎಲ್ಲಿಲ್ಲದ ಹಿಗ್ಗು. ಸೊಂಟದಲ್ಲಿದ್ದ ಜಿಂಕೆಯ ಕೋಡಿನ ತುಂಡು ತೆಗೆದು ಗೀರಿದಳು. ಗೀರು ಬಿದ್ದು ಪುಡಿ ಉದುರಿತು. ಬರೀ ಒಣಗಿದ ಜೇಡಿ. ಕೆಂಡ ಹಿಡಿದವರ ಮೈ ಇಷ್ಟು ಸುಲಭಕ್ಕೆ ಉದುರೀತೇ? ಒಗೆದಳು.

ಇನ್ನೊಂದು ಸಿಕ್ಕಿತು. ನೊರೆ ಬರಲಿಲ್ಲ, ಕೋಡಿಗೂ ಜಗ್ಗಲಿಲ್ಲ. ಆದರೆ ಅದರ ತುಂಬ ಸಕ್ಕರೆ ಹರಳಿನಂಥ ಮಿರಮಿರ ಕಣಗಳು.

"ನೀನೇನು?" ಎಂದು ಕೇಳಿದಳು.

"ನಾ ಬೆಣಚುಗಲ್ಲು," ಎಂದಿತು ಅದು. "ದೂರದ ಗುಡ್ಡದಿಂದ ಹೊಳಿ ನನ್ನ ತಂದು ಇಲ್ಲಿ ಹಾಕ್ಯದ. ನಿನ್ನ ಕೆಂಡ ನಾ ಕಂಡಿಲ್ಲ ಯವ್ವಾ."

ಆಮೇಲೆ ಅವಳ ಕೈಗೆ ಬಂದದ್ದು ಮುಷ್ಟಿಗಾತ್ರದ ಒಂದು ಗುಂಡು, ಮೇಲೆಲ್ಲ ಬಿಳಿ. ಹುಳಿನೀರು ಹಾಕಿದೊಡನೆ ನೊರೆ ಬಂತು. ಒಗೆಯಲು ಕೈ ಎತ್ತಿದಳು. ಎತ್ತಿದ ಕೈ ಹಾಗೇ ನಿಂತಿತು. ನೊರೆ ಬರುತ್ತಿದ್ದುದು ನಿಂತುಹೋಗಿತ್ತು. ಉಳಿದ ಕಲ್ಲುಗಳಲ್ಲಿ ನೊರೆ ನಿಲ್ಲುತ್ತಿರಲಿಲ್ಲ, ತಿಂದಷ್ಟೂ ತಿನ್ನುತ್ತಿತ್ತು. ಇಲ್ಲಿ ಬಿಳಿ ಸಿಪ್ಪೆ ಮಾತ್ರ ಕರಗಿತ್ತು. ಅದರ ಕೆಳಗೆ ಕಂದುಗಪ್ಪು ಮೈ. ಅದರ ಮೇಲೆ ಹುಳಿನೀರು ಸುಮ್ಮನೆ ನಿಂತಿತ್ತು.

ಕೋಡಿನಿಂದ ಗೀರಿದಳು. ಕಲ್ಲಿಗೆ ಏನೂ ಆಗಲಿಲ್ಲ, ಕೋಡೇ ಸವೆದು ಕಲ್ಲಿನ ಮೇಲೆ ಬಿಳಿ ಗೆರೆಯಾಯಿತು. ಒರೆಸಿ ನೋಡಿದಳು. ಮಿರಮಿರ ಹರಳಿಲ್ಲ. ಜೇನುಮೇಣ ಸವರಿದ ಹಾಗೆ ಮಂಕಾದ ಹೊಳಪು. ಮುರಿದ ಗೋಡೆಯಲ್ಲಿ ಅಂಥದೇ ಗುಂಡುಗಳು ಸಾಲಾಗಿ ಕೂತಿದ್ದವು.

ಅವಳು ಅದನ್ನು ಕೆನ್ನೆಗಿಟ್ಟುಕೊಂಡಳು. ತಣ್ಣಗಿತ್ತು. ಯಾವಾಗಲೂ ಬೇರೆಯವರು ಅವಳನ್ನು ಕೇಳುತ್ತಿದ್ದ ಮಾತನ್ನು ಈಗ ಅವಳು ಕೇಳಿದಳು.

"ಬೆಂಕಿ ಅದ?"

ಒಳಗಿನಿಂದ ದನಿ ಬಂತು.

"ಅದ."

"ಮತ್ತ ಇಷ್ಟು ತಣ್ಣಗದೀರಿ?"

"ಒಬ್ಬರೇ ಹಿಡಿದಿದ್ರ ಸುಟ್ಟು ಬೂದಿ ಆಗತಿದ್ವಿ. ಗೋಡಿಗುಂಟ ಎಲ್ಲಾರೂ ಹಂಚಿಕೊಂಡ್ವಿ. ಒಬ್ಬೊಬ್ಬರ ಹತ್ತಿರ ಸಾಸಿವಿಯಷ್ಟು ಅದ."

ಒಂದು ಕೆಂಡ ಕೊಟ್ಟಿದ್ದಳು, ಸಿಕ್ಕಿದ್ದು ಸಾಸಿವೆ. "ಇರಲಿ," ಎಂದಳು. "ಇದ್ದಷ್ಟು ಕೊಡ್ರಿ. ಮುಷ್ಟಿ ಬಿಚ್ಚರಿ."

"ಬಿಚ್ಚಾಕ ಬರವಲ್ದು," ಎಂದಿತು ಕಲ್ಲು. "ನೋವಿಗೆ ಹಲ್ಲು ಕಚ್ಚಿ ಬಿಗಿ ಹಿಡಿದ್ವಿ. ಹಂಗೇ ಗಟ್ಟಿಯಾದ್ವಿ. ಈಗ ಮೆತ್ತಗ ಆಗೂದು ಮರತದ. ನೀ ಹೊಡಿಬೇಕು."

"ನಿಮ್ಮನ್ನ?"

"ನಮ್ಮನ್ನ ನಮ್ಮಿಂದಲೇ ಹೊಡಿ. ಬ್ಯಾರೆ ಯಾವುದಕ್ಕೂ ನಾವು ಒಡೆಯಂಗಿಲ್ಲ."

ತನ್ನ ಬೆಂಕಿಗಾಗಿ ಮೈ ಸುಟ್ಟುಕೊಂಡವರನ್ನು ಹೊಡೆಯಲು ಮಾಳವ್ವನ ಕೈ ಏಳಲಿಲ್ಲ. ಕರಿಬಂಡೆಯ ಕಡೆಯಿಂದ ನಿಂಬೆವ್ವನ ದನಿ ಕೇಳಿತು. "ಯವ್ವಾ, ಕೂಸು ಕಣ್ಣು ತೆರಿವಲ್ದು."

ಮಾಳವ್ವ ಇನ್ನೊಂದು ಗುಂಡು ಎತ್ತಿಕೊಂಡು ಹೊಡೆದಳು.

ಟಣ್ ಎಂದಿತು. ಒಂದು ಚಕ್ಕೆ ಹಾರಿ ಅವಳ ಹೆಬ್ಬೆರಳನ್ನು ಸೀಳಿತು. ನೋವು ತಿಳಿಯುವ ಮೊದಲೇ ರಕ್ತ ಬಂದಿತ್ತು. ಅಷ್ಟು ಹರಿತ. ಆ ಚಕ್ಕೆ ಎತ್ತಿ ನೋಡಿದರೆ, ಒಳಮೈ ಕಪ್ಪೆಚಿಪ್ಪಿನ ಹಾಗೆ ಬಾಗಿತ್ತು. ಅಲೆಯ ಮೇಲೆ ಅಲೆ ಬಂದ ಹಾಗೆ ಸಣ್ಣ ಸಣ್ಣ ಬಳೆಗೆರೆಗಳು. ಕಡಲಲ್ಲಿ ತೇಲುತ್ತಿದ್ದ ಕಾಲವನ್ನು ಅವರು ಮೈಯೊಳಗೆ ಮರೆತಿರಲಿಲ್ಲ.

"ಬೆಂಕಿ ಬರಲಿಲ್ಲ," ಎಂದಳು.

ಹಿಂದಿನಿಂದ ಒಂದು ಕೈ ಬಂದು ಅವಳ ಹೆಬ್ಬೆರಳಿಗೆ ನಾರು ಸುತ್ತಿತು. ಜಟ್ಟೆಪ್ಪ ಬಂದು ನಿಂತಿದ್ದ.

"ನನ್ನ ಕೈಯಾಗ ಕೊಡು," ಎಂದ. ಅವನ ತೋಳಿನಲ್ಲಿ ಬಲವಿತ್ತು. ಎತ್ತಿ ಜೋರಾಗಿ ಹೊಡೆದ. ಗುಂಡು ಚೂರುಚೂರಾಯಿತು. ಒಂದು ಕಿಡಿ ಎದ್ದು ಒದ್ದೆ ನೆಲದ ಮೇಲೆ ಬಿದ್ದು ಸತ್ತಿತು. ಇಬ್ಬರೂ ಅದನ್ನು ಕಂಡರು.

ಜಟ್ಟೆಪ್ಪ ಬಗ್ಗಿ ಕಿಡಿ ಸತ್ತ ಜಾಗ ಮುಟ್ಟಿದ. "ಅದ ಮಾಳವ್ವ," ಎಂದ ಮೆಲ್ಲಗೆ. "ನಾ ಆಡಬಾರದ ಮಾತು ಆಡಿದೆ."

"ಅದು ಆಮ್ಯಾಲೆ ಅಣ್ಣಾ. ಗುಂಡು ಆರಿಸಿ ಕೊಡು. ಜೋರ ಬ್ಯಾಡ, ಜಾರಿಸಿ ಹೊಡಿಬೇಕು ಕಾಣ್ತದ. ಕಿಡಿ ಹಿಡಿಯಾಕ ಒಣದು ಏನರ ಬೇಕು."

ಒಣದ್ದು ಎಲ್ಲಿ? ಹುಲ್ಲು ಒದ್ದೆ, ತೊಗಟೆ ಒದ್ದೆ, ಉಟ್ಟ ನಾರು ಒದ್ದೆ. ಆ ಸೀಮೆಯಲ್ಲೆಲ್ಲ ಕಿಡಿ ಹಿಡಿಯುವಷ್ಟು ಒಣಗಿದ್ದದ್ದು ಒಂದೇ, ನಿಂಬೆವ್ವನ ಕಂಕುಳಲ್ಲಿ ಕೂಸಿಗೆ ಸುತ್ತಿದ್ದ ಎಕ್ಕೆ ಅರಳೆ.

ಮಾಳವ್ವ ಗುಂಡುಗಳೊಡನೆ ಕರಿಬಂಡೆಗೆ ಬಂದು ಮಗಳ ಎದುರು ಕೈಚಾಚಿ ಕೂತಳು. ಏನು ಕೇಳುತ್ತಿದ್ದಾಳೆಂದು ನಿಂಬೆವ್ವನಿಗೆ ತಿಳಿಯಿತು.

"ಇದು ತಗದ್ರ ಕೂಸು ಉಳಿಯಂಗಿಲ್ಲ," ಎಂದಳು.

"ಬೆಂಕಿ ಬರದಿದ್ರೂ ಉಳಿಯಂಗಿಲ್ಲ ಮಗಳ."

ನಿಂಬೆವ್ವ ತಾಯಿಯ ಮುಖವನ್ನೇ ನೋಡಿದಳು. ಮೇಲಿನ ಸುತ್ತು ಬಿಚ್ಚಿ ಅರ್ಧ ಕೊಟ್ಟಳು.

ಬಂಡೆಯ ಒಳಗಿನ ಒಣಮೂಲೆಯಲ್ಲಿ ಅರಳೆ ಇಟ್ಟು ಮಾಳವ್ವ ಹೊಡೆದಳು. ಟಕ್. ಟಕ್. ಟಕ್. ಏಳನೆಯದಕ್ಕೆ ಕಿಡಿ ಬಿತ್ತು. ಅರಳೆಯಲ್ಲಿ ಕೆಂಪು ಚುಕ್ಕೆ ಮೂಡಿತು. ಆಗ ಗಾಳಿ ಬಂಡೆಯ ಸುತ್ತ ಸುಳಿದು ಒಳಗೆ ನುಗ್ಗಿತು. ಅರಳೆ ಚೆದುರಿ ಹಾರಿಹೋಯಿತು. ಕೆಂಪು ಚುಕ್ಕೆಯೂ ಹೋಯಿತು.

ದೂರದಲ್ಲಿ ಮೊದಲ ಹನಿಗಳು ಸುಣ್ಣದ ಕಲ್ಲಿನ ಮೇಲೆ ಬಿದ್ದು ಬುಸುಗುಟ್ಟುವುದು ಕೇಳಿಸಿತು.

"ಗಾಳಿಯಪ್ಪಾ," ಎಂದಳು ಮಾಳವ್ವ, "ಒಂದು ಉಸುರು ತಡಿ. ಒಂದೇ ಉಸುರು."

"ತಡದ್ರ ಮೋಡ ನನ್ನ ಮ್ಯಾಲೆ ಬೀಳ್ತದ."

"ಕೂಸಿನ ಉಸುರು ನಿಲ್ಲಾಕ ಬಂದದ. ಅದರ ಸಲುವಾಗಿ."

ಗಾಳಿ ಬಗ್ಗಿ ನಿಂಬೆವ್ವನ ಕಂಕುಳಲ್ಲಿ ನೋಡಿತು. ಆ ಪುಟ್ಟ ಮೂಗಿನಿಂದ ತನ್ನ ಒಂದು ಎಳೆ ಒಳಗೆ ಹೋಗುತ್ತ, ಹೊರಗೆ ಬರುತ್ತ, ನಡುನಡುವೆ ತಡವರಿಸುವುದು ಅದಕ್ಕೆ ತಿಳಿಯಿತು. ಗಾಳಿ ನಿಂತುಬಿಟ್ಟಿತು. ಎಲೆ ಅಲುಗಲಿಲ್ಲ. ಮೇಲೆ ಮೋಡ ಜಾರಿ ಜಾರಿ ಕೆಳಗಿಳಿಯತೊಡಗಿತು.

ನಿಂಬೆವ್ವ ಯಾರೂ ಕೇಳದೆಯೇ ಉಳಿದ ಅರಳೆಯನ್ನೂ ಬಿಚ್ಚಿದಳು. ಬರಿಮೈ ಕೂಸನ್ನು ತನ್ನ ಎದೆಯ ಮೇಲೆ ಮಲಗಿಸಿಕೊಂಡು, ಎರಡೂ ಕೈಯಿಂದ ಮುಚ್ಚಿದಳು. "ಹೊಡಿ ಯವ್ವಾ," ಎಂದಳು.

ಮಾಳವ್ವ ಹೊಡೆದಳು. ಟಕ್. ಕಿಡಿ ಅರಳೆಯ ಹೊರಗೆ ಬಿತ್ತು. ಟಕ್. ಏನೂ ಇಲ್ಲ. ಟಕ್. ಕಟ್ಟಿದ ಹೆಬ್ಬೆರಳಿನಿಂದ ರಕ್ತ ಜಿನುಗಿ ಕಲ್ಲು ಜಾರುತ್ತಿತ್ತು. ಜಟ್ಟೆಪ್ಪ ಅವಳ ಕೈಯ ಮೇಲೆ ತನ್ನ ಕೈಯಿಟ್ಟು ಗುಂಡನ್ನು ಗಟ್ಟಿ ಹಿಡಿದ. ಟಕ್.

ಕಿಡಿ ಬಿತ್ತು. ಅರಳೆಯ ನಡುವೆ ಬಿತ್ತು. ಸಾಸಿವೆಯಷ್ಟು ಕೆಂಪು. ಮಾಳವ್ವ ನೆಲಕ್ಕೆ ಕೆನ್ನೆ ಹಚ್ಚಿ, ಕೂಸಿನ ಮುಖಕ್ಕೆ ಊದುವಷ್ಟು ಮೆಲ್ಲಗೆ ಊದಿದಳು. ಸಾಸಿವೆ ಕಡಲೆಯಾಯಿತು. ಹೊಗೆಯ ಎಳೆ ಎದ್ದಿತು. ಇನ್ನೊಮ್ಮೆ ಊದಿದಳು. ಅರಳೆ ಭುಗ್ಗೆಂದಿತು.

ಜಟ್ಟೆಪ್ಪ ಸೊಂಟದ ತೊಗಲಿನ ಚೀಲದಲ್ಲಿ ಒದ್ದೆಯಾಗದೆ ಉಳಿದಿದ್ದ ಬಾಣದ ಕಡ್ಡಿಗಳನ್ನು ಒಂದೊಂದಾಗಿ ಮುರಿದು ಕೊಟ್ಟ. ಅವು ಬೇಟೆಗಾರನ ಬಾಣಗಳು, ವರ್ಷವೆಲ್ಲ ಕೂತು ನೆಟ್ಟಗೆ ಮಾಡಿದವು. ಅವನು ಒಂದನ್ನೂ ಉಳಿಸಿಕೊಳ್ಳಲಿಲ್ಲ. ಅದೇ ಹೊತ್ತಿಗೆ ಗಾಳಿಯ ಬಲ ಮುಗಿದು ಮೋಡ ಧೊಪ್ಪನೆ ಬಿತ್ತು. ಮಳೆ ಬಂಡೆಯ ಅಂಚಿನಿಂದ ಪರದೆಯ ಹಾಗೆ ಇಳಿಯಿತು. ಒಳಗೆ ಬೆಂಕಿ ಉರಿಯುತ್ತಿತ್ತು.

ಕೂಸಿನ ತುಟಿಗೆ ಬಣ್ಣ ಬರಲು ಬಹಳ ಹೊತ್ತು ಹಿಡಿಯಿತು. ಬಣ್ಣ ಬಂದ ಮೇಲೆ ಅದು ಅತ್ತಿತು. ನಿಂಬೆವ್ವನೂ ಅತ್ತಳು.

ಮಾಳವ್ವ ಒಡೆದ ಗುಂಡನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. "ನಿಮ್ಮನ್ನ ಮತ್ತ ಮೆತ್ತಗ ಮಾಡೋ ದಾರಿ ನನಗ ಗೊತ್ತಿಲ್ಲ," ಎಂದಳು.

"ಬ್ಯಾಡ," ಎಂದಿತು ಕಲ್ಲು. "ಮೆತ್ತಗಿದ್ದಾಗ ನಮ್ಮನ್ನ ಯಾರೂ ಒಂದು ಮಾತು ಕೇಳಿದ್ದಿಲ್ಲ. ಒಂದು ಕೆಲಸ ಮಾಡು. ನಮ್ಮ ಗುರುತು ನಾಲ್ಕು ಜನಕ್ಕ ಹೇಳು. ಸಿಕ್ಕಸಿಕ್ಕ ಕಲ್ಲು ಹೊಡದು ಯಾರೂ ಸೋಲಬಾರದು."

ಮಾಳವ್ವ ಹೇಳಿದಳು. ಮಗಳಿಗೆ ಹೇಳಿದಳು, ಕೂಸು ಬೆಳೆದ ಮೇಲೆ ಅದರ ಕೈಯಲ್ಲಿ ಕಲ್ಲು ಕೊಟ್ಟು ಹೇಳಿದಳು. ಹುಳಿ ಹಾಕು, ಅದರ ಮೈಯಲ್ಲಿ ನೊರೆ ಬರಬಾರದು. ಗೀರಿ ನೋಡು, ಗೀರಿದ್ದೇ ಸವೆಯಬೇಕು. ಮೇಣದ ಹೊಳಪು ನೋಡು. ಒಡೆದರೆ ಚಿಪ್ಪಿನ ಬಾಗು ನೋಡು, ಬೆರಳು ಜೋಪಾನ. ಅವಳು ಅದಕ್ಕೆ ಚಕಮಕಿ ಎಂದು ಹೆಸರಿಟ್ಟಳು. ಬೆಂಕಿ ಆರಿದರೂ ಹೆದರದ ಜನ ಅಲ್ಲಿಂದ ಮುಂದೆ ಹೊಳೆಗುಂಟ ದೂರ ದೂರ ಹೋಗಿ ನೆಲೆಸಿದರು.

ಮಳೆ ಬಿದ್ದು ಬಿದ್ದು ಆಕಾಶ ಮಾಗಿತು, ಅದರ ನೀರಿನ ಹುಳಿಯೂ ಬಹುಪಾಲು ಇಳಿಯಿತು. ಆದರೆ ಆ ಪುಟ್ಟ ಜೀವಗಳು ಬಿಗಿದ ಮುಷ್ಟಿ ಮಾತ್ರ ಬಿಚ್ಚಲಿಲ್ಲ. ಅದಕ್ಕೇ ಮಗೂ, ಇವತ್ತಿಗೂ ಬಿಳಿ ಸುಣ್ಣದ ಕಲ್ಲಿನ ಪದರದ ನಡುವೆ ಕಂದುಗಪ್ಪು ಗುಂಡುಗಳು ಸಾಲಾಗಿ ಕೂತಿರುತ್ತವೆ, ಚಾಕುವಿನಿಂದ ಗೀರಿದರೆ ಚಾಕುವೇ ಸವೆಯುತ್ತದೆ, ಎರಡನ್ನು ಒಂದಕ್ಕೊಂದು ಜಾರಿಸಿ ಹೊಡೆದರೆ ಸುಟ್ಟ ವಾಸನೆಯ ಜೊತೆಗೆ ಸಾಸಿವೆಯಷ್ಟು ಕಿಡಿ ಹಾರುತ್ತದೆ.